ರಾಜರು ಒಂದು ರಾತ್ರಿ, ಸಂತೆಯವರು ಪ್ರತಿ ವಾರ

ಇಂಗ್ಲೆಂಡಿನ ಹಳೆಯ ಸಂತೆಪಟ್ಟಣಗಳ ವಸತಿಗೃಹಗಳು ತಮ್ಮ ಚರಿತ್ರೆಯನ್ನು ಹೇಳಿಕೊಳ್ಳುವಾಗ ಸಾಮಾನ್ಯವಾಗಿ ರಾಜರಿಂದಲೇ ಆರಂಭಿಸುತ್ತವೆ. ಲಿಂಕನ್‌ಶೈರ್ ಪ್ರಾಂತದ ಗ್ರಾಂಥಮ್ ಪಟ್ಟಣದಲ್ಲಿರುವ 'ಏಂಜೆಲ್ ಅಂಡ್ ರಾಯಲ್' 1213ರಲ್ಲಿ ಜಾನ್ ದೊರೆ ತನ್ನಲ್ಲಿ ದರ್ಬಾರು ನಡೆಸಿದನೆಂದು ಹೇಳಿಕೊಳ್ಳುತ್ತದೆ. 1483ರಲ್ಲಿ ಮೂರನೇ ರಿಚರ್ಡ್ ಬಂದಿದ್ದನೆಂದು ನೆನೆಯುತ್ತದೆ. 1866ರಲ್ಲಿ ಬಂದ ವೇಲ್ಸ್ ರಾಜಕುಮಾರ, ಅಂದರೆ ಮುಂದಿನ ಏಳನೇ ಎಡ್ವರ್ಡ್, ಉಳಿದು ಹೋದದ್ದಕ್ಕೆ ಕೃತಜ್ಞತೆಯಾಗಿ 'ಏಂಜೆಲ್' ಎಂಬ ಹಳೆಯ ಹೆಸರಿಗೆ 'ರಾಯಲ್' ಎಂಬ ಬಾಲವನ್ನು ಅಂಟಿಸಿಕೊಂಡಿತು. ಗ್ರಾಂಥಮ್ ಮೂಲಕ ಹಾಯುತ್ತಿದ್ದ ಹಳೆಯ ಹೆದ್ದಾರಿಯಲ್ಲೇ ಸುಮಾರು ಇಪ್ಪತ್ತು ಮೈಲಿ ದಕ್ಷಿಣಕ್ಕಿರುವ ಸ್ಟ್ಯಾಮ್‌ಫರ್ಡ್‌ನ 'ಜಾರ್ಜ್' ಕೂಡ ತನ್ನ ರಾಜ ಅತಿಥಿಗಳ ಪಟ್ಟಿಯನ್ನು ಜೋಪಾನವಾಗಿ ಕಾಯ್ದುಕೊಂಡಿದೆ. ಈ ಪಟ್ಟಿಗಳ ಬಗ್ಗೆ ನನಗೆ ಅಗೌರವವೇನಿಲ್ಲ, ಆದರೆ ಬಹುಕಾಲದಿಂದ ಒಂದು ತಕರಾರಿದೆ. ನೂರು ವರ್ಷಕ್ಕೊಮ್ಮೆ ಬಂದು ಒಂದು ರಾತ್ರಿ ಮಲಗಿ ಎದ್ದು ಹೋದವರಿಂದ ಯಾವ ವಸತಿಗೃಹವೂ ಬದುಕಿಲ್ಲ. ಪ್ರತಿ ವಾರ ಕುದುರೆ ಕಟ್ಟಿ, ಓಟ್ಸ್‌ಗೆ ಹಣ ಕೊಟ್ಟು, ಒಂದು ಲೋಟ ಏಲ್ ಎಂಬ ಬಿಯರ್ ಕುಡಿದು, ಗೋಧಿಯ ದರ ಮಾತಾಡಿ ಮನೆಗೆ ಮರಳಿದವರಿಂದಲೇ ಅವು ಬದುಕಿದವು. ಅಂಥವರ ಹೆಸರು ಮಾತ್ರ ಯಾವ ಗೋಡೆಯ ಮೇಲೂ ಇಲ್ಲ.

ಹೀಗಾಗಿ ಈ ಎರಡು ಮನೆಗಳನ್ನೂ ಅವುಗಳ ಸುತ್ತಲಿನ ಪಟ್ಟಣಗಳನ್ನೂ ಮುಂದಿಟ್ಟುಕೊಂಡು, ಆ ಚರಿತ್ರೆಯನ್ನು ರಸ್ತೆ ಮತ್ತು ಸಂತೆಯ ಕಡೆಯಿಂದ ಬರೆದು ನೋಡೋಣ ಎನಿಸಿತು. ಲಂಡನ್ನಿನಿಂದ ಎಡಿನ್‌ಬರೋವರೆಗೆ ಸಾಗುವ ಗ್ರೇಟ್ ನಾರ್ತ್ ರಸ್ತೆಯ ಮೇಲೆ ಲಂಡನ್ನಿನಿಂದ ಸುಮಾರು ತೊಂಬತ್ತು ಮೈಲಿಗೆ ಸ್ಟ್ಯಾಮ್‌ಫರ್ಡ್, ನೂರಾಹತ್ತು ಮೈಲಿಗೆ ಗ್ರಾಂಥಮ್. ಕುದುರೆಯ ಮೇಲೋ ಬಂಡಿಯಲ್ಲೋ ಹೊರಟವನಿಗೆ ಇವುಗಳ ನಡುವಿನ ದೂರ ಸರಿಯಾಗಿ ಒಂದು ದಿನದ ದಾರಿ. 1290ರಲ್ಲಿ ಒಂದನೇ ಎಡ್ವರ್ಡನ ರಾಣಿ ಎಲೀನರ್ ತೀರಿಕೊಂಡಾಗ ಆಕೆಯ ಶವವನ್ನು ಲಿಂಕನ್‌ನಿಂದ ವೆಸ್ಟ್‌ಮಿನ್‌ಸ್ಟರ್‌ಗೆ ಒಯ್ದ ಮೆರವಣಿಗೆ ಮೊದಲು ಗ್ರಾಂಥಮ್‌ನಲ್ಲಿ, ಆಮೇಲೆ ಸ್ಟ್ಯಾಮ್‌ಫರ್ಡ್‌ನಲ್ಲಿ ರಾತ್ರಿ ತಂಗಿತು. ಅವಳು ತಂಗಿದ ಪ್ರತಿ ಊರಿನಲ್ಲೂ ದೊರೆ ಒಂದೊಂದು ಕಲ್ಲಿನ ಶಿಲುಬೆ ನಿಲ್ಲಿಸಿದ. ಈ ಎರಡು ಊರಿನ ಶಿಲುಬೆಗಳೂ ಈಗಿಲ್ಲ, ಆದರೆ ಶೋಕದ ಮೆರವಣಿಗೆಯೂ ವ್ಯಾಪಾರಿಯ ಬಂಡಿಯೂ ನಿಲ್ಲಬೇಕಾದ ಜಾಗ ಒಂದೇ ಆಗಿತ್ತೆಂಬುದು ಆ ಪಯಣದ ಪಟ್ಟಿಯಿಂದಲೇ ತಿಳಿಯುತ್ತದೆ.

ಸಂತೆಯ ಲೆಕ್ಕವೂ ಹಗಲಿನ ದಾರಿಯ ಮೇಲೆಯೇ ನಿಂತಿತ್ತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಸಂತೆ ನಡೆಸುವುದು ದೊರೆ ಕೊಡುವ ಹಕ್ಕು. ಸನ್ನದು ಪಡೆದ ಜಮೀನ್ದಾರನೋ ಮಠವೋ ಪಟ್ಟಣವೋ ವಾರದ ಗೊತ್ತಾದ ದಿನ ಸಂತೆ ಕೂಡಿಸಿ ಸುಂಕ ವಸೂಲಿ ಮಾಡಬಹುದಿತ್ತು. ಹದಿಮೂರನೆಯ ಶತಮಾನದ ನ್ಯಾಯಜ್ಞ ಬ್ರಾಕ್ಟನ್‌ನ ಹೆಸರಿನಲ್ಲಿ ಉಳಿದು ಬಂದಿರುವ ನಿಯಮದ ಪ್ರಕಾರ, ಇರುವ ಸಂತೆಯೊಂದರಿಂದ ಆರು ಮೈಲಿ ಮತ್ತು ಮೇಲೆ ಮೂರನೇ ಎರಡು ಮೈಲಿಯೊಳಗೆ ಹೊಸ ಸಂತೆ ಹುಟ್ಟಿದರೆ ಅದು ಹಳೆಯದಕ್ಕೆ ಬಾಧೆ. ಈ ವಿಚಿತ್ರ ಅಂಕಿಯ ಹಿಂದಿನ ತರ್ಕ ಸೊಗಸಾಗಿದೆ. ಮನುಷ್ಯನ ದಿನದ ನಡಿಗೆ ಇಪ್ಪತ್ತು ಮೈಲಿ. ಆ ದಿನವನ್ನು ಮೂರು ಪಾಲು ಮಾಡಿದರೆ ಬೆಳಿಗ್ಗೆ ಹೋಗುವುದಕ್ಕೆ ಒಂದು ಪಾಲು, ಕೊಂಡು ಮಾರುವುದಕ್ಕೆ ಒಂದು ಪಾಲು, ಕಳ್ಳರ ಭಯವಿಲ್ಲದೆ ಹೊತ್ತು ಮುಳುಗುವ ಮುನ್ನ ಮನೆ ಸೇರುವುದಕ್ಕೆ ಒಂದು ಪಾಲು. ಈ ಲೆಕ್ಕದಲ್ಲಿ ಸಂತೆಗೆ ಬಂದ ರೈತನಿಗೆ ಹಾಸಿಗೆಯ ಅಗತ್ಯವೇ ಇಲ್ಲ. ಅವನಿಗೆ ಬೇಕಾದದ್ದು ಕುದುರೆಗೆ ನೆರಳು, ತನಗೆ ಊಟ, ಮಾತಿಗೆ ಒಂದು ಮೂಲೆ. ಹಾಸಿಗೆ ಬೇಕಾದದ್ದು ದೂರದಿಂದ ಬಂದವನಿಗೆ. ಹೀಗೆ ಸಂತೆಪಟ್ಟಣದ ವಸತಿಗೃಹಕ್ಕೆ ಮೊದಲಿನಿಂದಲೂ ಎರಡು ಬಗೆಯ ಗಿರಾಕಿಗಳಿದ್ದರು: ಹೆದ್ದಾರಿಯವರು ಮತ್ತು ಹಳ್ಳಿಯವರು. ಚರಿತ್ರೆ ಬರೆದವರ ಕಣ್ಣು ಬಿದ್ದದ್ದು ಬಹುಪಾಲು ಹೆದ್ದಾರಿಯವರ ಮೇಲೆ ಮಾತ್ರ.

ಇಂಥ ಮನೆಗಳನ್ನು ಕಟ್ಟಿಸಿದವರಲ್ಲಿ ಧರ್ಮಸಂಸ್ಥೆಗಳು ಮುಂಚೂಣಿಯಲ್ಲಿದ್ದವು. ಗ್ರಾಂಥಮ್‌ನ ಏಂಜೆಲ್ ನಿಂತಿರುವ ಜಾಗ ಟೆಂಪ್ಲರ್ ಯೋಧ ಸನ್ಯಾಸಿಗಳದಾಗಿತ್ತೆಂದೂ, 1312ರಲ್ಲಿ ಆ ಪಂಥ ರದ್ದಾದ ಮೇಲೆ ಹಾಸ್ಪಿಟಲರ್ ಪಂಥದವರ ಕೈಗೆ ಬಂತೆಂದೂ ಅಲ್ಲಿನ ಪರಂಪರೆ ಹೇಳುತ್ತದೆ. ಗ್ಲಾಸ್ಟರ್‌ನ 'ನ್ಯೂ ಇನ್' ಅನ್ನು ಹದಿನೈದನೆಯ ಶತಮಾನದ ಮಧ್ಯಭಾಗದಲ್ಲಿ ಅಲ್ಲಿನ ಮಠವೇ ಕಟ್ಟಿಸಿತು. ಹೆಸರು ಹೊಸದು, ಮನೆಗೆ ಐನೂರು ವರ್ಷ ಮೀರಿದೆ. ಗ್ಲಾಸ್ಟನ್‌ಬರಿಯ ಮಠಾಧಿಪತಿ ಕಟ್ಟಿಸಿದ ವಸತಿಗೃಹದ ಕಲ್ಲಿನ ಮುಖವೂ ಅದೇ ಶತಮಾನದ್ದು. ಅತಿಥಿ ಸತ್ಕಾರ ಮಠಗಳ ಧರ್ಮವಾಗಿತ್ತು ನಿಜ, ಆದರೆ ಯಾತ್ರಿಕರ ಸಂಖ್ಯೆ ಹೆಚ್ಚಿದಂತೆ ಅವರನ್ನು ಮಠದ ಗೋಡೆಯ ಹೊರಗೆ ಇರಿಸುವುದು ಅನುಕೂಲವೂ ಆಯಿತು, ಬಾಡಿಗೆಯ ಆದಾಯವೂ ಆಯಿತು. ನಮ್ಮ ಕಡೆಯ ಛತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಇವನ್ನು ಓದುವವರು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು: ಛತ್ರ ಕಟ್ಟಿಸಿದವನು ಪುಣ್ಯದ ಲೆಕ್ಕ ಇಡುತ್ತಿದ್ದ, ಇವರು ಪುಣ್ಯದ ಜೊತೆಗೆ ಗುತ್ತಿಗೆಯ ಲೆಕ್ಕವನ್ನೂ ಇಡುತ್ತಿದ್ದರು. 1530ರ ದಶಕದ ಕೊನೆಗೆ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಮಠಗಳು ಹೋದವು, ಅವು ಕಟ್ಟಿಸಿದ ವಸತಿಗೃಹಗಳು ಒಡೆಯನನ್ನು ಬದಲಿಸಿಕೊಂಡು ವ್ಯಾಪಾರ ಮುಂದುವರಿಸಿದವು.

ಏಂಜೆಲ್‌ನ ಈಗಿನ ಕಲ್ಲಿನ ಮುಖ ಹದಿನೈದನೆಯ ಶತಮಾನದ್ದು. ಮಧ್ಯದಲ್ಲಿ ಬಂಡಿ ನುಗ್ಗುವಷ್ಟು ಅಗಲದ ಕಮಾನು. ಕಮಾನಿನ ಎರಡು ಬದಿಗೆ ಕಿರೀಟ ತೊಟ್ಟ ಎರಡು ತಲೆಗಳು, ಮೂರನೇ ಎಡ್ವರ್ಡ್ ಮತ್ತು ಅವನ ರಾಣಿ ಫಿಲಿಪ್ಪಾಳದು ಎಂದು ಹೇಳುತ್ತಾರೆ. ಮೇಲೆ ಮುಂಚಾಚಿದ ಕಿಟಕಿಯನ್ನು ಹೊತ್ತ ಚಾಚುಗಲ್ಲಿನಲ್ಲಿ ಕಿರೀಟ ಹಿಡಿದ ಚಿನ್ನದ ಬಣ್ಣದ ದೇವದೂತ. ಈ ಮನೆಯಲ್ಲಿ ಮೂರನೇ ರಿಚರ್ಡ್ ತನ್ನ ವಿರುದ್ಧ ದಂಗೆ ಎದ್ದ ಬಕಿಂಗ್‌ಹ್ಯಾಮ್ ಡ್ಯೂಕ್‌ನ ಮರಣದಂಡನೆಗೆ ಸಹಿ ಹಾಕಿದನೆಂಬ ಕಥೆ ಬಹಳ ಕಡೆ ಓದಲು ಸಿಗುತ್ತದೆ. ತಾರೀಖುಗಳನ್ನು ಜೋಡಿಸಿ ನೋಡಿದರೆ ಈ ಕಥೆ ಸರಿಹೊಂದುವುದಿಲ್ಲ. ರಿಚರ್ಡ್ 1483ರ ಅಕ್ಟೋಬರ್ 12ರಂದು ಲಿಂಕನ್‌ನಿಂದ ತನ್ನ ಚಾನ್ಸಲರ್‌ಗೆ ಪತ್ರ ಬರೆಸಿ, ರಾಜಮುದ್ರೆಯನ್ನು ತನಗೆ ಕಳಿಸಬೇಕೆಂದು ಕೇಳಿದ. ಅದರ ಅಂಚಿನಲ್ಲಿ ಸ್ವಂತ ಕೈಯಲ್ಲಿ ಡ್ಯೂಕ್‌ನ ದ್ರೋಹದ ಬಗ್ಗೆ ಕಟುವಾದ ಮಾತುಗಳನ್ನೂ ಸೇರಿಸಿದ. ಅಕ್ಟೋಬರ್ 19ರಂದು ಆ ಮುದ್ರೆ ಅವನ ಕೈಸೇರಿದ್ದು ಗ್ರಾಂಥಮ್‌ನ ಏಂಜೆಲ್‌ನಲ್ಲಿ. ಆ ಹೊತ್ತಿಗೆ ಡ್ಯೂಕ್ ಇನ್ನೂ ಸೆರೆ ಸಿಕ್ಕಿರಲಿಲ್ಲ. ಅವನ ತಲೆ ಉರುಳಿದ್ದು ನವೆಂಬರ್ 2ರಂದು, ದೂರದ ಸಾಲ್ಸ್‌ಬರಿಯಲ್ಲಿ. ಸಹಿಯ ಕಥೆಗಿಂತ ನನಗೆ ಮುದ್ರೆಯ ಸಂಗತಿಯೇ ಹೆಚ್ಚು ಅರ್ಥಪೂರ್ಣವೆನಿಸುತ್ತದೆ. ದಂಗೆ ಎದ್ದಿರುವಾಗ, ಸೇನೆ ದಾರಿಯಲ್ಲಿರುವಾಗ, ದೇಶದ ಅತ್ಯಂತ ದೊಡ್ಡ ಅಧಿಕಾರದ ವಸ್ತುವನ್ನು ಒಪ್ಪಿಸಿಕೊಳ್ಳಲು ದೊರೆ ಆರಿಸಿಕೊಂಡದ್ದು ಕೋಟೆಯನ್ನಲ್ಲ, ರಸ್ತೆ ಬದಿಯ ವಸತಿಗೃಹವನ್ನು. ಕುದುರೆ, ಮೇವು, ಸುದ್ದಿ, ಓಡಾಡುವ ಆಳುಗಳು ಎಲ್ಲವೂ ಒಂದೇ ಅಂಗಳದಲ್ಲಿ ಸಿಗುವ ಜಾಗ ಬೇರೆಲ್ಲೂ ಇರಲಿಲ್ಲ.

ಪಾನೀಯ ಮಾರುವ ಎಲ್ಲ ಮನೆಗಳೂ ಆ ಕಾಲದ ಕಾನೂನಿನ ಕಣ್ಣಿನಲ್ಲಿ ಒಂದೇ ಆಗಿರಲಿಲ್ಲ. ಏಲ್ ಮಾತ್ರ ಮಾರುವ ಸಣ್ಣ ಅಂಗಡಿ ಒಂದು, ವೈನ್ ಮಾರುವ ಟ್ಯಾವರ್ನ್ ಇನ್ನೊಂದು, ಊಟ, ಹಾಸಿಗೆ, ಕುದುರೆ ಲಾಯ ಮೂರನ್ನೂ ಒದಗಿಸುವ ವಸತಿಗೃಹ ಮತ್ತೊಂದು. 1577ರಲ್ಲಿ ಡೋವರ್ ಬಂದರಿನ ದುರಸ್ತಿಗೆ ತೆರಿಗೆ ಎತ್ತುವ ಸಲುವಾಗಿ ಇವನ್ನು ಎಣಿಸಿದಾಗ ಲೆಕ್ಕಕ್ಕೆ ಸಿಕ್ಕ ಪ್ರಾಂತಗಳಲ್ಲಿ 14,202 ಏಲ್ ಅಂಗಡಿಗಳು, 1,631 ವಸತಿಗೃಹಗಳು, 329 ಟ್ಯಾವರ್ನ್‌ಗಳು ಇದ್ದವು. ವಸತಿಗೃಹದ ಯಜಮಾನ ಇವರಲ್ಲೆಲ್ಲ ಗಣ್ಯ. ಪಟ್ಟಣದ ಮೇಯರ್ ಆಗುವಷ್ಟು ಸ್ಥಿತಿವಂತ. ಆದರೆ ಅವನ ಹೆಗಲ ಮೇಲೆ ಉಳಿದವರಿಗಿಲ್ಲದ ಎರಡು ಹೊರೆಗಳಿದ್ದವು. ಮೊದಲನೆಯದು, ಕೋಣೆ ಖಾಲಿಯಿದ್ದು, ಬಂದವನು ಹಣ ಕೊಡಬಲ್ಲ ಮರ್ಯಾದಸ್ಥನಾಗಿದ್ದರೆ ಅವನನ್ನು ಬಾಗಿಲಿಂದ ಹಿಂದಕ್ಕೆ ಕಳಿಸುವಂತಿರಲಿಲ್ಲ. ಎರಡನೆಯದು, ಅತಿಥಿಯ ಸಾಮಾನು ಕಳುವಾದರೆ ಯಜಮಾನನೇ ತೆರಬೇಕು. 1584ರ 'ಕೇಲಿ ಪ್ರಕರಣ' ಎಂದೇ ಹೆಸರಾದ ತೀರ್ಪು ಈ ಜವಾಬ್ದಾರಿಯನ್ನು ಸ್ಪಷ್ಟವಾಗಿ ಬರೆದಿಟ್ಟಿತು. ಮೂರು ಶತಮಾನಗಳ ಬಳಿಕ 1863ರ ಕಾಯ್ದೆ ಈ ಹೊಣೆಗೆ 30 ಪೌಂಡಿನ ಮಿತಿ ಹಾಕಿತು, 1956ರ ಕಾಯ್ದೆ ಅದನ್ನು ಒಂದು ವಸ್ತುವಿಗೆ 50 ಪೌಂಡ್, ಒಬ್ಬ ಅತಿಥಿಗೆ ಒಟ್ಟು 100 ಪೌಂಡ್ ಎಂದು ಬದಲಿಸಿತು. ಇಂದಿಗೂ ಇಂಗ್ಲೆಂಡಿನ ಹೋಟೆಲುಗಳ ಗೋಡೆಯ ಮೇಲೆ ಈ ಕಾಯ್ದೆಯ ಸಣ್ಣಕ್ಷರದ ಸೂಚನೆ ತೂಗುತ್ತಿರುವುದುಂಟು. ಹಾದುಹೋಗುವವರು ಓದದ ಆ ಹಾಳೆ, ನನ್ನ ಮಟ್ಟಿಗೆ, ಯಾವ ರಾಜನ ಹೆಸರಿಗಿಂತಲೂ ಹಳೆಯದಾದ ಪರಂಪರೆಯ ಪುರಾವೆ: ಖಾಸಗಿ ವ್ಯಾಪಾರವೊಂದು ಸಾರ್ವಜನಿಕ ಕರ್ತವ್ಯಕ್ಕೆ ಕಟ್ಟುಬಿದ್ದಿತ್ತು.

ಸರ್ಕಾರಕ್ಕೂ ಇವುಗಳ ಬೆಲೆ ಗೊತ್ತಿತ್ತು. 1686ರಲ್ಲಿ ಯುದ್ಧ ಇಲಾಖೆ ಊರೂರಿನಲ್ಲಿ ಎಷ್ಟು ಹಾಸಿಗೆಗಳಿವೆ, ಎಷ್ಟು ಕುದುರೆಗಳಿಗೆ ಲಾಯವಿದೆ ಎಂದು ಪಟ್ಟಿ ಮಾಡಿಸಿತು. ಬ್ಯಾರಕ್‌ಗಳಿಲ್ಲದ ಕಾಲದಲ್ಲಿ ಸೈನಿಕರನ್ನು ಇಳಿಸುವುದು ಈ ಮನೆಗಳಲ್ಲೇ ಆಗಿತ್ತು, ಯಜಮಾನರಿಗೆ ಅದು ಬೇಡದ ಭಾಗ್ಯ.

ಈಗ ಹಳ್ಳಿಯವರ ಕಡೆಗೆ ಬರೋಣ. ಗ್ರಾಂಥಮ್‌ನ ಸಂತೆಯ ದಿನ ಶನಿವಾರ. 1650ರ ದಶಕದ ಕೊನೆಗೆ ಪಕ್ಕದ ವುಲ್ಸ್‌ಥಾರ್ಪ್ ಹಳ್ಳಿಯಿಂದ ಒಬ್ಬ ವಿಧವೆ ತನ್ನ ಹದಿಹರೆಯದ ಮಗನನ್ನು ಶಾಲೆ ಬಿಡಿಸಿ, ಬೇಸಾಯ ಕಲಿಯಲೆಂದು, ಮನೆಯ ಹಳೆಯ ಆಳಿನ ಜೊತೆ ಶನಿವಾರದ ಸಂತೆಗೆ ಧಾನ್ಯ ಮಾರಲು ಕಳಿಸುತ್ತಿದ್ದಳು. ಅವರು ವೆಸ್ಟ್‌ಗೇಟ್ ಬೀದಿಯ 'ಸಾರಸೆನ್ಸ್ ಹೆಡ್' ಎಂಬ ವಸತಿಗೃಹದಲ್ಲಿ ಕುದುರೆಗಳನ್ನು ಕಟ್ಟುತ್ತಿದ್ದರು. ಕುದುರೆ ಕಟ್ಟಿದ್ದೇ ತಡ, ಹುಡುಗ ವ್ಯಾಪಾರವನ್ನೆಲ್ಲ ಆಳಿನ ತಲೆಗೆ ಕಟ್ಟಿ, ತಾನು ಹಿಂದೆ ಓದುವಾಗ ಉಳಿದುಕೊಂಡಿದ್ದ ಔಷಧ ವ್ಯಾಪಾರಿಯ ಮನೆಯ ಅಟ್ಟಕ್ಕೆ ಓಡುತ್ತಿದ್ದ. ಅಲ್ಲಿ ಹಳೆಯ ಪುಸ್ತಕಗಳ ರಾಶಿಯಿತ್ತು; ಹೊರಡುವ ಹೊತ್ತಾಗುವವರೆಗೆ ಅವನು ಅವುಗಳ ನಡುವೆ ಇರುತ್ತಿದ್ದ. ಆ ಹುಡುಗ ಐಸಾಕ್ ನ್ಯೂಟನ್. ಈ ವಿವರವನ್ನು ಮುಂದೆ ಊರಿನವರ ನೆನಪುಗಳಿಂದ ಕೂಡಿಹಾಕಿದವನು ನ್ಯೂಟನ್ನನ ಗೆಳೆಯನಾದ ವಿಲಿಯಂ ಸ್ಟ್ಯೂಕ್ಲಿ ಎಂಬ ವೈದ್ಯ. ಔಷಧ ವ್ಯಾಪಾರಿಯ ಮನೆ ಎಲ್ಲಿತ್ತೆಂದು ಹೇಳಲು ಕೂಡ ಅವನು ಬಳಸುವ ಗುರುತು ಗ್ರಾಂಥಮ್‌ನ ಹೈಸ್ಟ್ರೀಟಿನಲ್ಲೇ ಇದ್ದ, ಸ್ಟ್ಯಾಮ್‌ಫರ್ಡ್‌ನದಲ್ಲದ ಇನ್ನೊಂದು 'ಜಾರ್ಜ್' ವಸತಿಗೃಹದ ಪಕ್ಕದ ಮನೆ ಎಂದು. ಮನೆಗಳಿಗೆ ಸಂಖ್ಯೆ ಇಲ್ಲದ ಕಾಲದಲ್ಲಿ ಪಟ್ಟಣದ ವಿಳಾಸಗಳೆಲ್ಲ ವಸತಿಗೃಹಗಳ ಸುತ್ತ ಹೆಣೆದುಕೊಂಡಿದ್ದವು. ನ್ಯೂಟನ್ ಬಿಟ್ಟು ಓಡಿದ ಆ ಆಳು ಅಂಗಳದಲ್ಲಿ ಏನು ಮಾಡುತ್ತಿದ್ದನೋ ಅದೇ ಈ ಮನೆಗಳ ನಿಜವಾದ ಜೀವನ. ಅವನ ಬಗ್ಗೆ ಒಂದು ಸಾಲೂ ಉಳಿದಿಲ್ಲ ಎಂಬುದೂ ನಿಜ.

ಹದಿನಾರನೆಯ ಶತಮಾನದ ಕೊನೆಯಿಂದಲೇ ಸಂತೆಯ ದೊಡ್ಡ ವ್ಯಾಪಾರ ಬಯಲಿನಿಂದ ಕೋಣೆಯೊಳಕ್ಕೆ ಸರಿಯತೊಡಗಿತ್ತು. ಸಂತೆಯ ನಿಯಮದಂತೆ ಧಾನ್ಯವನ್ನು ಗಂಟೆ ಬಾರಿಸಿದ ಮೇಲೆ ಎಲ್ಲರೆದುರು ಮಾರಬೇಕು, ಸುಂಕ ಕೊಡಬೇಕು, ಬಡವರಿಗೆ ಮೊದಲು ಕೊಳ್ಳಲು ಅವಕಾಶ ಬಿಡಬೇಕು. ದಲ್ಲಾಳಿಗಳಿಗೆ ಇದು ಹಿಡಿಸಲಿಲ್ಲ. ಅವರು ವಸತಿಗೃಹದ ಮೇಜಿನ ಮೇಲೆ ಒಂದು ಹಿಡಿ ಗೋಧಿಯ ಮಾದರಿ ಸುರಿದು, ಬೆರಳಲ್ಲಿ ಉಜ್ಜಿ, ಹಲ್ಲಲ್ಲಿ ಕಚ್ಚಿ ನೋಡಿ, ಕಣಜದಲ್ಲೇ ಇದ್ದ ನೂರಾರು ಮೂಟೆಗೆ ಬೆಲೆ ಕಟ್ಟುತ್ತಿದ್ದರು. ಸಂತೆಯ ಅಧಿಕಾರಿಗಳು ದೂರಿದರು, ನ್ಯಾಯಾಧೀಶರು ಗದರಿಸಿದರು. ವ್ಯಾಪಾರ ಮಾತ್ರ ಒಳಗೇ ನಡೆಯಿತು. ಚಿಲ್ಲರೆ ನಾಣ್ಯದ ಬರ ಬಂದಾಗ, 1648ರಿಂದ 1672ರವರೆಗೆ, ಇತರ ಅಂಗಡಿಕಾರರಂತೆ ವಸತಿಗೃಹದ ಯಜಮಾನರೂ ತಮ್ಮ ಹೆಸರು ಮತ್ತು ಫಲಕದ ಚಿತ್ರವಿದ್ದ ತಾಮ್ರದ ಬಿಲ್ಲೆಗಳನ್ನು ತಾವೇ ಟಂಕಿಸಿ ಚಲಾವಣೆಗೆ ಬಿಟ್ಟರು. ಉಗುರಿನಷ್ಟಗಲದ ಆ ಬಿಲ್ಲೆಯ ಮೇಲೆ ಒಂದು ಕಡೆ ದೇವದೂತನೋ ಸಿಂಹವೋ, ಇನ್ನೊಂದು ಕಡೆ ಯಜಮಾನನ ಮತ್ತು ಅವನ ಹೆಂಡತಿಯ ಹೆಸರಿನ ಮೊದಲಕ್ಷರಗಳು ಒಟ್ಟಿಗೆ. ಹೆಂಡತಿಯ ಅಕ್ಷರ ಅಲ್ಲಿರುವುದು ಆಕಸ್ಮಿಕವಲ್ಲ. ಅಡುಗೆಮನೆ, ಹಾಸಿಗೆ, ಲೆಕ್ಕ ಆಕೆಯದೇ ಆಗಿದ್ದವು, ಗಂಡ ಸತ್ತ ಮೇಲೆ ಇಡೀ ಮನೆಯನ್ನು ದಶಕಗಟ್ಟಲೆ ನಡೆಸಿದ ವಿಧವೆಯರೂ ಅನೇಕರು.

ಹೆದ್ದಾರಿಯವರ ಸುವರ್ಣಕಾಲ ಶುರುವಾದದ್ದು ಇದಾದ ಮೇಲೆ. 1663ರಲ್ಲಿ ಗ್ರೇಟ್ ನಾರ್ತ್ ರಸ್ತೆಯ ಒಂದು ಭಾಗಕ್ಕೇ ಮೊತ್ತಮೊದಲ ಸುಂಕದ ರಸ್ತೆಯ ಕಾಯ್ದೆ ಬಂತು; ಬಳಸುವವರಿಂದ ಹಣ ಪಡೆದು ರಸ್ತೆ ರಿಪೇರಿ ಮಾಡುವ ಈ ಏರ್ಪಾಡು ಹದಿನೆಂಟನೆಯ ಶತಮಾನದಲ್ಲಿ ದೇಶವಿಡೀ ಹಬ್ಬಿತು. 1706ರ ಏಪ್ರಿಲ್ 12ರಿಂದ ಆರಂಭವಾದ ಲಂಡನ್–ಯಾರ್ಕ್ ಸಾರೋಟಿನ ಕರಪತ್ರವೊಂದು ಉಳಿದುಕೊಂಡಿದೆ. ಲಂಡನ್ನಿನ ಹೋಬೋರ್ನ್‌ನ 'ಬ್ಲ್ಯಾಕ್ ಸ್ವಾನ್'ನಿಂದ ಯಾರ್ಕಿನ ಕೋನಿ ಬೀದಿಯ 'ಬ್ಲ್ಯಾಕ್ ಸ್ವಾನ್'ಗೆ, ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಐದಕ್ಕೆ ಹೊರಟು, ದೇವರು ಅನುಮತಿಸಿದರೆ ನಾಲ್ಕು ದಿನದಲ್ಲಿ ತಲುಪಿಸುವುದಾಗಿ ಅದು ಭರವಸೆ ಕೊಡುತ್ತದೆ. ಒಬ್ಬ ಪ್ರಯಾಣಿಕನಿಗೆ 14 ಪೌಂಡ್ ತೂಕದ ಸಾಮಾನು ಉಚಿತ, ಮೇಲಿನ ಪ್ರತಿ ಪೌಂಡಿಗೆ ಮೂರು ಪೆನ್ನಿ. ಯಾರ್ಕಿನಿಂದ ಸ್ಟ್ಯಾಮ್‌ಫರ್ಡ್‌ಗೆ ಎರಡು ದಿನ, ಸ್ಟ್ಯಾಮ್‌ಫರ್ಡ್‌ನಿಂದ ಹಂಟಿಂಗ್‌ಡನ್ ಮಾರ್ಗವಾಗಿ ಲಂಡನ್ನಿಗೆ ಇನ್ನೆರಡು ದಿನ ಎಂದು ಅದೇ ಚೀಟಿ ಹೇಳುತ್ತದೆ. ಅಂದರೆ ಸ್ಟ್ಯಾಮ್‌ಫರ್ಡ್ ದಾರಿಯ ನಟ್ಟನಡುವೆ. ಆ ನಡುವಿನ ಸ್ಥಾನವೇ ಅಲ್ಲಿನ ಜಾರ್ಜ್‌ನ ಬಂಡವಾಳ. ಊರ ಪಕ್ಕದ ಬರ್ಲಿ ಹೌಸ್ ಎಂಬ ಬಂಗಲೆಯ ಸೆಸಿಲ್ ವಂಶದವರ ಆಸ್ತಿಯಾಗಿದ್ದ ಆ ಮನೆಗೆ 1720ರ ದಶಕದಲ್ಲಿ ಹೊಸ ಕಲ್ಲಿನ ಮುಖ ಬಂತು. ಬಾಗಿಲ ಎರಡು ಪಕ್ಕದ ಕೋಣೆಗಳ ಮೇಲೆ ಈಗಲೂ 'ಲಂಡನ್' ಎಂದು ಒಂದು, 'ಯಾರ್ಕ್' ಎಂದು ಇನ್ನೊಂದು: ದಕ್ಷಿಣಕ್ಕೆ ಹೋಗುವವರು ಒಂದರಲ್ಲಿ, ಉತ್ತರಕ್ಕೆ ಹೋಗುವವರು ಇನ್ನೊಂದರಲ್ಲಿ ಕಾಯಬೇಕಿತ್ತು. ಉಚ್ಛ್ರಾಯದ ದಿನಗಳಲ್ಲಿ ಆ ಕಡೆಗೆ ಇಪ್ಪತ್ತು, ಈ ಕಡೆಗೆ ಇಪ್ಪತ್ತು, ಹೀಗೆ ದಿನಕ್ಕೆ ನಲವತ್ತು ಸಾರೋಟುಗಳು ಅಲ್ಲಿ ನಿಲ್ಲುತ್ತಿದ್ದವಂತೆ. ಅಂದಹಾಗೆ, ಎಲಿಜಬೆತ್ ರಾಣಿಯ ಮಹಾಮಂತ್ರಿಯಾಗಿದ್ದ ಬರ್ಲಿ ಪ್ರಭು ವಿಲಿಯಂ ಸೆಸಿಲ್‌ನ ಹಗೆಗಳು, ಇವನ ಅಜ್ಜ ಸ್ಟ್ಯಾಮ್‌ಫರ್ಡ್‌ನಲ್ಲಿ ವಸತಿಗೃಹ ನಡೆಸುತ್ತಿದ್ದವನು ಎಂದು ಹೀಯಾಳಿಸುತ್ತಿದ್ದರು. ಊರಿನ ಅತ್ಯುತ್ತಮ ವಸತಿಗೃಹ ಎಂದು ಸೇರಿಸುವ ಸೌಜನ್ಯವನ್ನು ಮಾತ್ರ ಬಿಟ್ಟಿರಲಿಲ್ಲ.

ಸಾರೋಟಿನ ಚೆಲುವನ್ನು ಕ್ರಿಸ್ಮಸ್ ಕಾರ್ಡುಗಳಲ್ಲಿ ನೋಡಿದವರಿಗೆ ಅದರ ಹಿಂದಿನ ಲೆಕ್ಕ ಹೊಳೆಯುವುದಿಲ್ಲ. ದಾರಿಯ ಒಂದೊಂದು ಮೈಲಿಗೂ ಒಂದೊಂದು ಕುದುರೆ ಬೇಕೆಂಬುದು ಆ ಉದ್ಯಮದ ಅಂದಾಜಿನ ಸೂತ್ರ. ಇನ್ನೂರು ಮೈಲಿಯ ಯಾರ್ಕಿಗೆ ಒಂದು ಸಾರೋಟು ಓಡಿಸಲು ಸುಮಾರು ಇನ್ನೂರು ಕುದುರೆಗಳು. ಹತ್ತು ಮೈಲಿಗೊಮ್ಮೆ ಕುದುರೆಗಳನ್ನು ಬದಲಿಸಬೇಕು, ಲಾಯದ ಆಳುಗಳು ಎರಡು ನಿಮಿಷದೊಳಗೆ ನಾಲ್ಕು ಕುದುರೆ ಬಿಚ್ಚಿ ನಾಲ್ಕು ಹೂಡಬೇಕು. ವೇಗದ ಸಾರೋಟಿಗೆ ಕಟ್ಟಿದ ಕುದುರೆ ಮೂರ್ನಾಲ್ಕು ವರ್ಷಕ್ಕೆ ಸವೆದುಹೋಗುತ್ತಿತ್ತು. ದೊಡ್ಡ ಯಜಮಾನರು ಊರಾಚೆ ಹುಲ್ಲುಗಾವಲು, ಓಟ್ಸ್ ಹೊಲ ಇಟ್ಟುಕೊಂಡಿರುತ್ತಿದ್ದರು; ಕಾಳು ಒಳಕ್ಕೆ ಬರುತ್ತಿತ್ತು, ಗೊಬ್ಬರ ಹೊಲಕ್ಕೆ ಹೋಗುತ್ತಿತ್ತು. 1784ರ ಆಗಸ್ಟ್ 2ರಂದು ಜಾನ್ ಪಾಮರ್‌ನ ಯೋಜನೆಯಂತೆ ಬ್ರಿಸ್ಟಲ್‌ನಿಂದ ಲಂಡನ್ನಿಗೆ ಮೊದಲ ಅಂಚೆ ಸಾರೋಟು ಓಡಿದ ಮೇಲೆ ಸಮಯದ ಶಿಸ್ತು ಇನ್ನಷ್ಟು ಬಿಗಿಯಾಯಿತು. ಅಂಚೆಗೆ ಸುಂಕವಿಲ್ಲ; ಕಾವಲುಗಾರನ ಕಹಳೆ ಕೇಳಿದರೆ ಸುಂಕದ ಕಟ್ಟೆಯ ಗೇಟು ತೆರೆದಿರಬೇಕು. 1754ರ ಜಾಹೀರಾತಿನಲ್ಲಿ ಬೇಸಿಗೆಯಲ್ಲಿ ಹತ್ತು ದಿನ, ಚಳಿಗಾಲದಲ್ಲಿ ಹನ್ನೆರಡು ದಿನ ಎಂದಿದ್ದ ಲಂಡನ್–ಎಡಿನ್‌ಬರೋ ದಾರಿ 1830ರ ದಶಕದಲ್ಲಿ ಎರಡು ದಿನಕ್ಕಿಂತ ಕಡಿಮೆಗೆ ಇಳಿಯಿತು. ಊಟಕ್ಕೆ ಇಪ್ಪತ್ತು ನಿಮಿಷ. ಸೂಪನ್ನು ಬೇಕೆಂದೇ ಕುದಿಕುದಿ ತಂದಿಟ್ಟು, ಆರುವಷ್ಟರಲ್ಲಿ ಕಹಳೆ ಊದಿಸಿ, ಮುಟ್ಟದ ಮಾಂಸವನ್ನು ಮುಂದಿನ ಸಾರೋಟಿನವರಿಗೆ ಬಡಿಸುತ್ತಾರೆಂಬುದು ಪ್ರಯಾಣಿಕರ ಸಾರ್ವಕಾಲಿಕ ದೂರು. ಇದರಲ್ಲಿ ಎಷ್ಟು ನಿಜವೋ, ಹೆದ್ದಾರಿ ಬದಿಯ ಊಟದ ಬಗ್ಗೆ ಜಗತ್ತಿನಲ್ಲಿ ಹೊಸ ದೂರುಗಳಿಲ್ಲ ಎಂಬುದಂತೂ ನಿಜ.

ವೇಗ ತುದಿ ಮುಟ್ಟಿದ ಹೊತ್ತಿಗೇ ರೈಲು ಬಂತು. ಲಂಡನ್–ಬರ್ಮಿಂಗ್‌ಹ್ಯಾಮ್ ಮಾರ್ಗ 1838ರಲ್ಲಿ ತೆರೆದಾಗ ಸುಮಾರು 1,800 ಕುದುರೆಗಳ ಒಡೆಯನಾಗಿದ್ದ ಲಂಡನ್ನಿನ ಸಾರೋಟು ದೊರೆ ವಿಲಿಯಂ ಚಾಪ್ಲಿನ್ ಗಾಳಿಯ ದಿಕ್ಕು ನೋಡಿ, ಬಂಡವಾಳವನ್ನು ರೈಲಿಗೆ ತಿರುಗಿಸಿ, ಕೊನೆಗೆ ರೈಲು ಕಂಪನಿಯೊಂದರ ಅಧ್ಯಕ್ಷನೇ ಆದ. ಕಲ್ಲಿನ ಮನೆಯೊಳಗೆ ಬಂಡವಾಳ ಹೂಡಿದ್ದ ಪಟ್ಟಣದ ಯಜಮಾನನಿಗೆ ಆ ಚಲನೆ ಸಾಧ್ಯವಿರಲಿಲ್ಲ. ನಮ್ಮ ಎರಡು ಊರುಗಳ ದಾರಿ ಕವಲೊಡೆದದ್ದೂ ಇಲ್ಲೇ. 1852ರ ಆಗಸ್ಟ್‌ನಲ್ಲಿ ಗ್ರೇಟ್ ನಾರ್ದರ್ನ್ ರೈಲ್ವೆಯ ನೇರ ಮಾರ್ಗ ಪೀಟರ್‌ಬರೋದಿಂದ ಉತ್ತರಕ್ಕೆ ತೆರೆದಾಗ ಅದು ಗ್ರಾಂಥಮ್ ಮೂಲಕ ಹಾದುಹೋಯಿತು. ಸ್ಟ್ಯಾಮ್‌ಫರ್ಡ್ ಪಕ್ಕಕ್ಕೆ ಉಳಿಯಿತು. ಸ್ಟ್ಯಾಮ್‌ಫರ್ಡ್‌ಗೆ 1840ರ ದಶಕದಲ್ಲೇ ಬೇರೊಂದು ಕಂಪನಿಯ ರೈಲು ಬಂದಿತ್ತಾದರೂ ಅದು ಅಡ್ಡದಾರಿ. ಊರಿನ ಒಡೆಯನಾದ ಎಕ್ಸೆಟರ್ ಮಾರ್ಕ್ವಿಸ್ ಹಟ ಹಿಡಿದು ರೈಲನ್ನು ತಡೆದನೆಂದು ಜನ ಹೇಳುತ್ತಾ ಬಂದಿದ್ದಾರೆ; ಭೂಮಿಯ ಏರಿಳಿತ ಮತ್ತು ಕಂಪನಿಗಳ ಪೈಪೋಟಿಯನ್ನು ಗಮನಿಸಿದರೆ ಎಲ್ಲವನ್ನೂ ಒಬ್ಬ ಜಮೀನ್ದಾರನ ತಲೆಗೆ ಕಟ್ಟುವುದು ನನಗೆ ಸರಿಯೆನಿಸುವುದಿಲ್ಲ. ಪರಿಣಾಮ ಮಾತ್ರ ಸ್ಪಷ್ಟ. ಗ್ರಾಂಥಮ್ ಹಾರ್ನ್ಸ್‌ಬಿ ಕಾರ್ಖಾನೆಯ ಎಂಜಿನುಗಳ ಊರಾಗಿ ಬೆಳೆಯಿತು, ಸ್ಟ್ಯಾಮ್‌ಫರ್ಡ್ ಬೆಳೆಯುವುದನ್ನೇ ಮರೆತಂತೆ ನಿಂತಿತು. ಹಾಗೆ ನಿಂತದ್ದರಿಂದಲೇ 1967ರಲ್ಲಿ ಇಂಗ್ಲೆಂಡಿನ ಮೊತ್ತಮೊದಲ ಸಂರಕ್ಷಿತ ಪಾರಂಪರಿಕ ಪ್ರದೇಶವೆಂಬ ಮನ್ನಣೆ ಅದಕ್ಕೆ ಸಿಕ್ಕಿತು.

ರೈಲು ವಸತಿಗೃಹಗಳನ್ನು ಕೊಂದಿತು ಎಂಬ ವಾಕ್ಯವನ್ನು ನಾನು ಬಹಳ ಕಡೆ ಓದಿದ್ದೇನೆ. ಅದು ಅರ್ಧ ಮಾತ್ರ ನಿಜ. ಸತ್ತದ್ದು ಹೆದ್ದಾರಿಯವರ ವ್ಯಾಪಾರ. ಹಳ್ಳಿಯವರ ವ್ಯಾಪಾರ ರೈಲಿನ ಕಾಲದಲ್ಲಿ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಯಾವುದೇ ಸಂತೆಪಟ್ಟಣದ ವ್ಯಾಪಾರ ಕೈಪಿಡಿಯ ಕೊನೆಯ ಪುಟಗಳನ್ನು ತೆರೆದು ನೋಡಿ: 'ಕ್ಯಾರಿಯರ್‌ಗಳು' ಎಂಬ ತಲೆಬರಹದಡಿ ಒಂದೊಂದು ಹಳ್ಳಿಯ ಹೆಸರು, ಅಲ್ಲಿಂದ ಬರುವ ಬಂಡಿಯವನ ಹೆಸರು, ಅವನು ಇಳಿಯುವ ವಸತಿಗೃಹ, ಬರುವ ದಿನ, ಹೊರಡುವ ಗಂಟೆ. ರೈಲು ಊರಿಗೆ ಸರಕು ತಂದು ಸುರಿದಂತೆ ಅದನ್ನು ಹಳ್ಳಿಗೆ ಒಯ್ಯುವವರೂ ಹೆಚ್ಚಿದರು. ಇವರ ಬಂಡಿ ಒಂದು ಕುದುರೆಯದು, ಮೇಲೆ ಟಾರ್ಪಾಲು, ಒಳಗೆ ಹಲಗೆಯ ಮೇಲೆ ಕೆಲವು ಹೆಂಗಸರು, ಕಾಲಡಿ ಕೋಳಿಯ ಬುಟ್ಟಿ, ಬೆಣ್ಣೆ, ರಿಪೇರಿಗೆ ಕೊಟ್ಟ ಬೂಟುಗಳು. ಹಳ್ಳಿಯ ಮುದುಕಿಗೆ ಔಷಧಿ, ಮೇಷ್ಟ್ರಿಗೆ ಕಾಗದ, ಯಾವಳೋ ಹುಡುಗಿಗೆ ರಿಬ್ಬನ್, ಎಲ್ಲವನ್ನೂ ನೆನಪಿನಲ್ಲೇ ಬರೆದುಕೊಂಡು ಬಂದು ಕೊಂಡೊಯ್ಯುವುದು ಅವನ ಕೆಲಸ. ಅಂಗಡಿಯವರು ಮಾರಿದ ಗಂಟುಗಳನ್ನು ಆಯಾ ವಸತಿಗೃಹದ ಅಂಗಳಕ್ಕೆ ಕಳಿಸಿಕೊಡುತ್ತಿದ್ದರು. ಈ ವ್ಯಾಪಾರದಲ್ಲಿ ಹೆಸರುವಾಸಿ ಮನೆಗಳಿಗಿಂತ ಹಿಂಬೀದಿಯ ಸಣ್ಣ ಮನೆಗಳದೇ ಮೇಲುಗೈ. ಅದನ್ನು ಕೊನೆಗೊಳಿಸಿದ್ದು ರೈಲಲ್ಲ, ಮೊದಲ ಮಹಾಯುದ್ಧದ ನಂತರ ಬಂದ ಹಳ್ಳಿಯ ಬಸ್ಸು. ಬಸ್ಸಿಗೆ ಲಾಯ ಬೇಡ, ಓಟ್ಸ್ ಬೇಡ, ಅಂಗಳವೂ ಬೇಡ. ಸಂತೆಯ ಚೌಕದಲ್ಲೇ ನಿಂತು ಅಲ್ಲಿಂದಲೇ ತಿರುಗಿತು. ರಾಜರ ಪಟ್ಟಿಯಿಲ್ಲದ ನೂರಾರು ಮನೆಗಳು ಫಲಕ ಇಳಿಸಿದ್ದು ಈ ಹೊತ್ತಿನಲ್ಲಿ, ಅದೂ ಸದ್ದಿಲ್ಲದೆ.

ದೊಡ್ಡ ಮನೆಗಳಿಗೆ ಅಷ್ಟರಲ್ಲಿ ಮರುಜೀವ ಬಂದಿತ್ತು. ಮೊದಲು ಸೈಕಲ್ಲಿನವರು, ಆಮೇಲೆ ಮೋಟಾರಿನವರು ಹಳೆಯ ರಸ್ತೆಗೆ ಮರಳಿದರು. ಪಾಳುಬೀಳುತ್ತಿದ್ದ ವಸತಿಗೃಹಗಳನ್ನು ಕುಡಿತದ ಲಾಭಕ್ಕಲ್ಲದೆ ಊಟ, ವಸತಿಗಾಗಿ ನಡೆಸಬೇಕೆಂಬ ಉದ್ದೇಶದಿಂದ 1904ರಲ್ಲಿ ಹರ್ಟ್‌ಫರ್ಡ್‌ಶೈರ್‌ನಲ್ಲಿ ಆರಂಭವಾದ ಟ್ರಸ್ಟ್ ಮುಂದೆ 'ಟ್ರಸ್ಟ್ ಹೌಸಸ್' ಎಂಬ ದೊಡ್ಡ ಹೋಟೆಲ್ ಕಂಪನಿಯಾಯಿತು. ಲಾಯಗಳು ಗ್ಯಾರೇಜುಗಳಾದವು, ಬಂಡಿಯ ಕಮಾನಿನಲ್ಲಿ ಕಾರುಗಳು ನುಸುಳಿದವು. ಆಮೇಲೆ ಲಾರಿಗಳೂ ಬಂದವು. ಹದಿನೆಂಟನೆಯ ಶತಮಾನದ ಬೀದಿಗಳು ಅವುಗಳ ಭಾರಕ್ಕೆ ನಡುಗತೊಡಗಿದಾಗ ಹೆದ್ದಾರಿಯನ್ನು ಊರ ಹೊರಗೆ ಒಯ್ಯಬೇಕಾಯಿತು. ಸ್ಟ್ಯಾಮ್‌ಫರ್ಡ್‌ನ ಬೈಪಾಸ್ 1960ರಲ್ಲಿ, ಗ್ರಾಂಥಮ್‌ನದು 1962ರಲ್ಲಿ ತೆರೆಯಿತು. ನ್ಯೂಟನ್ನನ ಔಷಧ ವ್ಯಾಪಾರಿಗೆ ವಿಳಾಸವಾಗಿದ್ದ ಗ್ರಾಂಥಮ್‌ನ ಜಾರ್ಜ್, 1838ರ ಚಳಿಗಾಲದಲ್ಲಿ ಚಾರ್ಲ್ಸ್ ಡಿಕನ್ಸ್ ತಂಗಿ ಮೆಚ್ಚಿದ್ದ ಮನೆ, ಮುಂದೆ ಅಂಗಡಿಗಳ ಸಂಕೀರ್ಣವಾಯಿತು. ಏಂಜೆಲ್ ಮಾತ್ರ ಉಳಿದಿದೆ. ಅದರ ಒಬ್ಬ ಹಳೆಯ ಯಜಮಾನ, ಹದಿನೆಂಟನೆಯ ಶತಮಾನದ ಆರಂಭದಲ್ಲಿ ತೀರಿಕೊಂಡ ಮೈಕೇಲ್ ಸಾಲೊಮನ್, ಪ್ರತಿ ವರ್ಷ ಮೈಕೇಲ್‌ಮಸ್ ಹಬ್ಬದಂದು ಚರ್ಚಿನಲ್ಲಿ ಕುಡಿತದ ವಿರುದ್ಧ ಪ್ರವಚನ ಮಾಡಿಸಲು ನಲವತ್ತು ಷಿಲಿಂಗ್ ದತ್ತಿ ಬಿಟ್ಟಿದ್ದ. ಜೀವಮಾನವಿಡೀ ಮದ್ಯ ಮಾರಿದವನ ಈ ಉಯಿಲು ಪಶ್ಚಾತ್ತಾಪವೋ, ಏಲ್ ಅಂಗಡಿಗಳ ಕುಡುಕರಿಗಿಂತ ತನ್ನ ಗಿರಾಕಿಗಳು ಮೇಲು ಎಂಬ ಗತ್ತೋ ಎಂಬುದನ್ನು ಓದುಗರೇ ಊಹಿಸಲಿ. ನನ್ನ ಮತ ಎರಡನೆಯದಕ್ಕೆ.

ಸ್ಟ್ಯಾಮ್‌ಫರ್ಡ್‌ನ ಜಾರ್ಜ್‌ನೊಳಗೆ ಡೇನಿಯಲ್ ಲ್ಯಾಂಬರ್ಟ್ ಎಂಬುವನ ದೊಡ್ಡ ಚಿತ್ರ ತೂಗುಹಾಕಿದೆ. ಲೆಸ್ಟರ್‌ನ ಈ ಮನುಷ್ಯ 335 ಕಿಲೋ ತೂಗುತ್ತಿದ್ದ. ತನ್ನನ್ನು ನೋಡಲು ಬರುವವರಿಂದ ಹಣ ಪಡೆದು ಜೀವನ ಸಾಗಿಸುತ್ತಿದ್ದ. 1809ರ ಜೂನ್‌ನಲ್ಲಿ ಕುದುರೆ ಜೂಜಿನ ಜನಸಂದಣಿಗೆಂದು ಸ್ಟ್ಯಾಮ್‌ಫರ್ಡ್‌ಗೆ ಬಂದವನು 21ರ ಬೆಳಿಗ್ಗೆ ತೀರಿಕೊಂಡ. ಶವ ಹೊರತೆಗೆಯಲು ಗೋಡೆ ಒಡೆಯಬೇಕಾಯಿತು, ಶವಪೆಟ್ಟಿಗೆಗೆ ಚಕ್ರ ಹಾಕಬೇಕಾಯಿತು. ಆದರೆ ಅವನು ಸತ್ತದ್ದು ಜಾರ್ಜ್‌ನಲ್ಲಿ ಅಲ್ಲ. ಮಹಡಿ ಹತ್ತಲಾರದ ಅವನಿಗೆ ನೆಲಮಟ್ಟದ ಕೋಣೆ ಕೊಟ್ಟದ್ದು 'ವ್ಯಾಗನ್ ಅಂಡ್ ಹಾರ್ಸಸ್', ಹೆಸರೇ ಹೇಳುವಂತೆ ಸರಕು ಬಂಡಿಯವರ ಮನೆ. ಆ ಮನೆ ವಸತಿಗೃಹವಾಗಿ ಉಳಿದಿಲ್ಲ. ಅದರ ಅತಿಥಿಯ ಚಿತ್ರ, ಊರುಗೋಲು ಜಾರ್ಜ್‌ಗೆ ಸೇರಿದವು. ಉಳಿದುಕೊಂಡ ಮನೆಗಳು ಅಳಿದುಹೋದ ನೆರೆಮನೆಗಳ ನೆನಪುಗಳನ್ನೂ ಹೀಗೆ ತಮ್ಮ ಖಾತೆಗೆ ಜಮಾ ಮಾಡಿಕೊಳ್ಳುತ್ತವೆ, ಆಮೇಲೆ ಬಂದವರಿಗೆ ಎಲ್ಲವೂ ಒಂದೇ ಸೂರಿನಡಿ ನಡೆದಂತೆ ಕಾಣುತ್ತದೆ. ಸ್ಟ್ಯಾಮ್‌ಫರ್ಡ್‌ನ ಸಂತೆ ಈಗಲೂ ಶುಕ್ರವಾರ, ಗ್ರಾಂಥಮ್‌ನದು ಶನಿವಾರ. ಅಂದು ಊರಿಗೆ ಬರುವ ಹಳ್ಳಿಯವರಲ್ಲಿ ಹೆಚ್ಚಿನವರು ಕಾರು ನಿಲ್ಲಿಸಿ ತರಕಾರಿ ಕೊಂಡು ಮಧ್ಯಾಹ್ನದೊಳಗೆ ಮನೆ ಸೇರುತ್ತಾರೆ. ಜಾರ್ಜ್‌ನ ಕೋಣೆಗಳನ್ನು ತುಂಬುವವರು ಮದುವೆಯವರು ಮತ್ತು ವಾರಾಂತ್ಯದ ಪ್ರವಾಸಿಗಳು, ಅವರಿಗೆ ತೋರಿಸಲು ರಾಜರ ಪಟ್ಟಿ ಸಿದ್ಧವಾಗಿಯೇ ಇದೆ.